ನಮ್ಮವರಿಗೆ ಗೊತ್ತಾಗಬಾರದು: ಮುಂಬೈ ಬಸ್ತಿಯೊಂದರ ಟಿಬಿ ರೇಷನ್ ಪ್ರಕರಣ

ಇದು ಮುಂಬೈನ ಪೂರ್ವ ಉಪನಗರದ ಒಂದು ಬಸ್ತಿಯಲ್ಲಿ, ಅಂದರೆ ಬಡವರ ವಸತಿಯಲ್ಲಿ, ನಡೆದದ್ದು. ಚೆಂಬೂರಿಗೂ ಮಾನ್‌ಖುರ್ದಿಗೂ ನಡುವೆ ಎಲ್ಲೋ ಒಂದು ಕಡೆ ಅಂದರೆ ಸಾಕು. ಅಲ್ಲಿನ ಒಂದು ಭಜನಾ ಮಂದಿರ, ಒಂದು ಮಸೀದಿ, ಒಂದು ಕನ್ನಡ ಚರ್ಚ್ ಸಭೆ ಮತ್ತು ಒಂದು ಬುದ್ಧ ವಿಹಾರ ಸೇರಿ ಟಿಬಿ ರೋಗಿಗಳಿಗೆ ತಿಂಗಳ ರೇಷನ್ ಕೊಡಲು ಹೊರಟವು. ಎರಡು ಸಲ ಎಡವಿದವು. ಮೂರನೇ ಸಲ ಕೆಲಸ ಕೈಹಿಡಿಯಿತು, ಆದರೆ ಯಾರೂ ಅಂದುಕೊಂಡ ರೀತಿಯಲ್ಲಿ ಅಲ್ಲ.

ನಾನು ಮಂದಿರದ ಕಡೆಯಿಂದ ಸಭೆಗಳಿಗೆ ಹೋಗುತ್ತಿದ್ದೆ. ಟಿಪ್ಪಣಿ ಬರೆಯುವ ಕೆಲಸ ನನ್ನದು. ಇಲ್ಲಿ ಬರುವವರ ವಯಸ್ಸು, ಊರು, ಕೆಲಸ ಎಲ್ಲ ಬದಲಾಯಿಸಿದ್ದೇನೆ. ಒಬ್ಬ ತಾಯಿಯ ವಿಷಯ ಮಾತ್ರ ಆಕೆಯನ್ನೇ ಕೇಳಿ, ಆಕೆ ಹೂಂ ಅಂದ ಮೇಲೆ ಬರೆದದ್ದು.

ಜಾಗ, ಜನ

ಬಸ್ತಿ ಅಂದರೂ ಅರ್ಧ ಜೋಪಡಿ, ಅರ್ಧ ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ) ಕಟ್ಟಡ. ಜೋಪಡಿ ಒಡೆದು ಕಟ್ಟಿಕೊಟ್ಟ 225 ಚದರಡಿಯ ಮನೆಗಳು. ಕಟ್ಟಡಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ಎರಡನೇ ಮಹಡಿಯ ಕೆಳಗೆ ಮಧ್ಯಾಹ್ನವೂ ಲೈಟು ಹಾಕಬೇಕು. ಗಾಳಿ ಆಡುವುದಿಲ್ಲ. ಒಂದು ಖೋಲಿಯಲ್ಲಿ ಆರೇಳು ಜನ. ಒಬ್ಬರಿಗೆ ಟಿಬಿ ಬಂದರೆ ಇನ್ನೊಬ್ಬರಿಗೆ ಹರಡಲು ಇದಕ್ಕಿಂತ ಅನುಕೂಲದ ಜಾಗ ಬೇಕಾ?

ಕನ್ನಡದವರು ಇಲ್ಲಿ ಬಗೆಬಗೆಯವರು. ಉಡುಪಿ, ಕುಂದಾಪುರ ಕಡೆಯ ಹೋಟೆಲಿನವರು ಮಂದಿರದವರು. ಶನಿವಾರ ಭಜನೆ, ವರ್ಷಕ್ಕೊಂದು ಶನಿಪೂಜೆ, ಒಂದು ತಾಳಮದ್ದಳೆ. ಚರ್ಚ್ ಸಭೆಯವರು ಬೀದರ್, ಕಲಬುರಗಿ ಕಡೆಯವರು. ಅವರಿಗೆ ಸ್ವಂತ ಕಟ್ಟಡ ಇಲ್ಲ. ಒಂದು ಶಾಲೆಯ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಆರಾಧನೆ. ಮಸೀದಿ ಕಮಿಟಿಯಲ್ಲಿ ಯುಪಿಯ ದರ್ಜಿಗಳು ಜಾಸ್ತಿ. ಆದರೆ ಖಜಾಂಚಿ ಮಾತ್ರ ಮಂಗಳೂರಿನ ಬ್ಯಾರಿ ವ್ಯಾಪಾರಿ. ವಿಹಾರ ಮರಾಠಿಯವರದ್ದು ಅಂತ ಎಲ್ಲರೂ ತಿಳಿದಿದ್ದಾರೆ, ಆದರೆ ಅದನ್ನು ನಡೆಸುವ ಮೇಷ್ಟ್ರು ಹುಟ್ಟಿದ್ದು ಆಳಂದದ ಹತ್ತಿರ. ಹೀಗಾಗಿ ಸಭೆ ಹಿಂದಿಯಲ್ಲಿ ಶುರುವಾಗಿ ಜಗಳದ ಹೊತ್ತಿಗೆ ಕನ್ನಡಕ್ಕೆ ಬರುತ್ತಿತ್ತು.

ನಾಲ್ವರಿಗೂ ಪರಿಚಯ ಹಳೆಯದು. ಮಸೀದಿಯ ಒಬ್ಬ ಹಿರಿಯರು, ನಮ್ಮ ಮಂದಿರದ ಒಬ್ಬ ಹಿರಿಯರು 1992–93ರ ಹಿಂದೂ-ಮುಸ್ಲಿಂ ಗಲಭೆ ನಂತರ ಶಾಂತಿ ಕಾಯಲು ಆದ ಮೊಹಲ್ಲಾ ಕಮಿಟಿಯಲ್ಲಿ ಇದ್ದವರು. ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹ್ನಿ, ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೇರೊ, ಸಾಮಾಜಿಕ ಕಾರ್ಯಕರ್ತೆ ಸುಶೋಭಾ ಬರ್ವೆ ಇವರೆಲ್ಲ ಸೇರಿ ಕಟ್ಟಿದ ಕಮಿಟಿ ಅದು. ಅದಕ್ಕೂ ಮೊದಲು ಮುಂಬೈ ಹತ್ತಿರದ ಭಿವಂಡಿಯಲ್ಲಿ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಇಂಥ ಕಮಿಟಿ ಮಾಡಿದ್ದರು. ಮುಂಬೈ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಆ ಇಬ್ಬರು ಹಿರಿಯರ ಮಾತು ನನಗೆ ಚೆನ್ನಾಗಿ ನೆನಪಿದೆ: ಗಲಾಟೆ ಆಗುವ ಲಕ್ಷಣ ಇದ್ದಾಗ ಎಲ್ಲರೂ ಬರ್ತಿದ್ರು, ಗಲಾಟೆ ಇಲ್ಲದಿದ್ರೆ ಚಹಾ ಕುಡಿದು ಎದ್ದು ಹೋಗ್ತಿದ್ರು. ಕೆಲಸ ಇಲ್ಲದ ಕಮಿಟಿ ಎಷ್ಟು ದಿನ ಸೇರೀತು?

2020ರ ಲಾಕ್‌ಡೌನಿನಲ್ಲಿ ಕೆಲಸ ಸಿಕ್ಕಿತು. ಮಾರ್ಚ್ 25ರಿಂದ ಎಲ್ಲ ಬಂದ್. ಹೋಟೆಲ್ ಹುಡುಗರು, ಗಾರೆ ಕೆಲಸದವರು ಊಟವಿಲ್ಲದೆ ಕೂತರು. ಪಕ್ಕದ ಗುರುದ್ವಾರದಿಂದ ದೊಡ್ಡ ಪಾತ್ರೆ ಬಂತು, ಮಂದಿರದಿಂದ ಅಡುಗೆ ಭಟ್ಟರು, ಮಸೀದಿಯ ಹುಡುಗರಿಂದ ಹಂಚುವ ಕೆಲಸ. ಖಿಚಡಿಗೆ ಯಾರೂ ಧರ್ಮ ಕೇಳಲಿಲ್ಲ. ಹಸಿದವರು ಎದುರಿಗೇ ಕೂತಿದ್ದರಲ್ಲ, ನಿಯಮ ಮಾಡಲು ಪುರುಸೊತ್ತೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಲಾಕ್‌ಡೌನ್ ಮುಗಿಯಿತು, ಪಾತ್ರೆ ವಾಪಸ್ ಹೋಯಿತು.

ತೊಂದರೆ

2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಕ್ಷಯ್ ಮಿತ್ರ ಅಂತ ಒಂದು ಏರ್ಪಾಡು ತಂದಿತು. ಸಂಘ ಸಂಸ್ಥೆಗಳು, ಕಂಪನಿಗಳು, ಸಾಮಾನ್ಯ ಜನರು ಕೂಡ ಟಿಬಿ ರೋಗಿಗಳನ್ನು ದತ್ತು ತೆಗೆದುಕೊಂಡು ಕನಿಷ್ಠ ಆರು ತಿಂಗಳು ಆಹಾರ ಕೊಡಬಹುದು. ನಮ್ಮ ಕಡೆಯ ಹೆಲ್ತ್ ಪೋಸ್ಟಿನ (ಪಾಲಿಕೆಯ ಸಣ್ಣ ಆರೋಗ್ಯ ಕೇಂದ್ರ) ಟಿಬಿ ಕಾರ್ಯಕರ್ತೆ ಒಬ್ಬರು ಲಾಕ್‌ಡೌನಿನ ಖಿಚಡಿ ಕಂಡವರು. ಅವರು ನಾಲ್ಕೂ ಕಡೆ ಬಂದು ಕೇಳಿದರು.

ಅವರು ಹೇಳಿದ್ದು ಸರಳವಾಗಿತ್ತು. ಸಾಧಾರಣ ಟಿಬಿಗೆ ಆರು ತಿಂಗಳು ದಿನಾ ಗುಳಿಗೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಗುಳಿಗೆ ಪುಕ್ಕಟೆ. ಆದರೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ವಾಂತಿ, ಸುಸ್ತು. ಕೆಲವು ವಾರಕ್ಕೆ ಕೆಮ್ಮು ನಿಲ್ಲುತ್ತದೆ, ಹುಷಾರಾಯಿತು ಅಂತ ಬಿಟ್ಟುಬಿಡುತ್ತಾರೆ. ಬಿಟ್ಟರೆ ರೋಗ ಔಷಧಿಗೆ ಬಗ್ಗದ ಹಾಗೆ ಆಗುತ್ತದೆ, ಆಗ ಶಿವಡಿ ಟಿಬಿ ಆಸ್ಪತ್ರೆಯೇ ಗತಿ. ಸರ್ಕಾರ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಬ್ಯಾಂಕಿಗೆ ಹಾಕುತ್ತಿತ್ತು. ಹೋಟೆಲ್ ಹುಡುಗನ ಖಾತೆ ಊರಿನಲ್ಲಿ, ಅಮ್ಮನ ಕೈಯಲ್ಲಿ. ಆ 500 ರೂಪಾಯಿ ಅವನ ಹೊಟ್ಟೆಗೆ ಬರುವುದಾದರೂ ಹೇಗೆ?

ಕೊಡುವವರು ಇದ್ದಾರೆ, ಬೇಕಾದವರು ಇದ್ದಾರೆ. ಇಷ್ಟೇ ಅಂತ ಎಲ್ಲರೂ ಅಂದುಕೊಂಡರು.

ಮೊದಲ ಯತ್ನ: ವೇದಿಕೆ

2023ರ ಮಾರ್ಚ್ 24, ವಿಶ್ವ ಟಿಬಿ ದಿನ. ಎರಡು ದಿನ ಮೊದಲು ಯುಗಾದಿ. ಅದೇ ಶುಕ್ರವಾರ ರಂಜಾನಿನ ಮೊದಲ ಉಪವಾಸ. ಚರ್ಚಿನವರಿಗೆ ತಪಸ್ಸಿನ ಕಾಲ. ಇದಕ್ಕಿಂತ ಒಳ್ಳೆ ದಿನ ಇಲ್ಲ ಅಂತ ಸರ್ವಧರ್ಮ ಸಭೆ ಇಟ್ಟರು. ಬ್ಯಾನರಿನಲ್ಲಿ ನಾಲ್ಕು ಚಿಹ್ನೆ, ಅವುಗಳ ಮೇಲೆ ಒಬ್ಬ ಮಾಜಿ ಕಾರ್ಪೊರೇಟರನ ಫೋಟೋ. ವೇದಿಕೆಯ ಮೇಲೆ ಕಿಟ್‌ಗಳ ಸಾಲು. ರೋಗಿಗಳು ಬಂದು ಕೈಯಾರೆ ತೆಗೆದುಕೊಳ್ಳಬೇಕು, ಫೋಟೋ ಹೊಡೆಯಬೇಕು.

ಭಾಷಣ ಉದ್ದವಾಯಿತು. ಇಫ್ತಾರಿನ ಹೊತ್ತಾಯಿತು, ಮಸೀದಿಯವರು ಎದ್ದರು. ಅರ್ಧ ವೇದಿಕೆ ಖಾಲಿ. ಹೆಸರು ಕರೆದಾಗ ಬಂದವರು ಕೆಲವೇ ಜನ. ಒಬ್ಬಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡೇ ಬಂದು, ಕಿಟ್ ತೆಗೆದುಕೊಂಡು, ಫೋಟೋಗೆ ನಿಲ್ಲದೆ ಇಳಿದುಹೋದಳು. ಒಬ್ಬ ಯುವಕ ತನ್ನ ಹೆಸರು ಕೇಳಿಸಿದರೂ ಹಿಂದಿನ ಸಾಲಿನಿಂದ ಏಳಲಿಲ್ಲ. ಪಕ್ಕದಲ್ಲಿದ್ದವನ ಜೊತೆ ನಗುತ್ತಾ ಕೂತಿದ್ದ. ಉಳಿದ ಕಿಟ್‌ಗಳು ಮಂದಿರದ ಅಟ್ಟ ಸೇರಿದವು.

ಇನ್ನೊಂದು ಎಡವಟ್ಟು ಆಮೇಲೆ ಗೊತ್ತಾಯಿತು. ಕಿಟ್ ತುಂಬಿದವರು ಭಕ್ತಿಯಿಂದ ತಮ್ಮ ತಮ್ಮ ಚೀಟಿ ಹಾಕಿದ್ದರು. ಒಂದರಲ್ಲಿ ದೇವರ ಪಟ, ಇನ್ನೊಂದರಲ್ಲಿ ಬೈಬಲ್ ವಚನ. ಕಿಟ್‌ಗಳು ಅದಲು ಬದಲಾಗಿ ಹೋಗಿದ್ದವು. ಯಾರೂ ಜಗಳ ಮಾಡಲಿಲ್ಲ. ಆದರೆ ಎರಡು ಮನೆಯಿಂದ ಚೀಟಿ ವಾಪಸ್ ಬಂತು, ಒಂದು ಮನೆಯಿಂದ ಅಕ್ಕಿಯೂ.

ಟಿಬಿ ಕಾರ್ಯಕರ್ತೆ ಸಿಟ್ಟಾದರು. ‘ನಾನು ಹೆಸರಿನ ಪಟ್ಟಿ ಕೊಟ್ಟಿರಲಿಲ್ಲ, ಎಲ್ಲಿಂದ ಸಿಕ್ಕಿತು?’ ಅಂತ ಕೇಳಿದರು. ಯಾರೋ ಕೇಳಿದ್ದರು, ಯಾರೋ ಹೇಳಿದ್ದರು. ಬಸ್ತಿಯಲ್ಲಿ ಹಾಗೇ ಅಲ್ವಾ.

ಎರಡನೇ ಯತ್ನ: ಅವರವರ ಜನ ಅವರವರಿಗೆ

ವೇದಿಕೆ ಬೇಡ, ಸದ್ದಿಲ್ಲದೆ ಮಾಡೋಣ ಅಂತ ಆಯಿತು. ಹೇಗೆ? ಮಂದಿರದವರು ಮಂದಿರದ ಜನಕ್ಕೆ, ಮಸೀದಿಯವರು ಮಸೀದಿಯ ಜನಕ್ಕೆ. ಒಬ್ಬರು ಇನ್ನೊಬ್ಬರ ಮನೆಯೊಳಗೆ ಕಾಲಿಡುವುದು ಬೇಡ, ಅಪಾರ್ಥ ಆಗುವುದೂ ಬೇಡ. ಕೇಳಲು ಬಹಳ ಚೆನ್ನಾಗಿತ್ತು. ನಮ್ಮ ಕಮಿಟಿಯಲ್ಲಿ ಒಬ್ಬರೂ ಎದುರಾಡಲಿಲ್ಲ. ಸೌಹಾರ್ದಕ್ಕೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ ಅನ್ನಿಸಿತ್ತು.

ಏಪ್ರಿಲಿನಿಂದ ಜೂನ್‌ವರೆಗೆ ಹೀಗೆ ನಡೆಯಿತು. ಮೊದಲು ಕಣ್ಣಿಗೆ ಬಿದ್ದದ್ದು ಯಾರ ಪಟ್ಟಿಗೂ ಸೇರದವರು. ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗ ಭಜನೆಗೆ ಬರುವುದಿಲ್ಲ, ರಾತ್ರಿ ಹನ್ನೆರಡಕ್ಕೆ ಅವನ ಪಾತ್ರೆ ತೊಳೆಯುವ ಕೆಲಸ ಮುಗಿಯುತ್ತದೆ. ಬಾರಿನಲ್ಲಿ ಕುಣಿಯುತ್ತಿದ್ದ ಒಬ್ಬಾಕೆಯನ್ನು ಯಾರೂ ತಮ್ಮವಳು ಅನ್ನಲಿಲ್ಲ. ಗಾರೆ ಕೆಲಸದವರು ಸೈಟಿನಿಂದ ಸೈಟಿಗೆ ಹೋಗುವವರು. ನಿಜವಾಗಿ ಹಸಿದವರು ಇವರೇ.

ದೊಡ್ಡ ತೊಂದರೆ ಬೇರೆಯದೇ ಇತ್ತು. ಪಟ್ಟಿಯಲ್ಲಿದ್ದವರೂ ಬೇಡ ಅನ್ನತೊಡಗಿದರು. ‘ನಮಗೇನೂ ಇಲ್ಲ’, ‘ಬೇರೆ ಯಾರಿಗಾದರೂ ಕೊಡಿ’, ‘ಡಾಕ್ಟರು ತಪ್ಪು ಬರೆದಿದ್ದಾರೆ’. ಕೆಲವರು ರೇಷನ್ ಜೊತೆಗೆ ಹೆಲ್ತ್ ಪೋಸ್ಟಿಗೆ ಹೋಗುವುದನ್ನೂ ನಿಲ್ಲಿಸಿದರು. ಆಗ ಕಾರ್ಯಕರ್ತೆಗೆ ಗಾಬರಿ. ಸಹಾಯ ಬರುವ ಮೊದಲು ಗುಳಿಗೆ ತೆಗೆದುಕೊಳ್ಳುತ್ತಿದ್ದವರು, ಸಹಾಯ ಬಂದ ಮೇಲೆ ತಪ್ಪಿಸುತ್ತಿದ್ದಾರೆ!

ತಿರುವು

ಮಂದಿರದ ಹೆಂಗಸರ ಭಜನಾ ತಂಡದಲ್ಲಿ ಹಾಡುವ ಒಬ್ಬ ತಾಯಿ. ಅವರ ಮಗಳಿಗೆ ಟಿಬಿ. ಮನೆಯಲ್ಲಿ ಮಗಳ ಮದುವೆ ಮಾತು ನಡೆದಿತ್ತು, ಗಂಡಿನ ಕಡೆಯವರು ಅದೇ ಭಜನಾ ಮಂದಿರದ ಇನ್ನೊಂದು ಶಾಖೆಯವರ ನೆಂಟರು. ಒಂದು ಸಂಜೆ ಮಂದಿರದ ಹೆಸರು ಅಚ್ಚಾದ ಬಟ್ಟೆ ಚೀಲದಲ್ಲಿ ಕಿಟ್ ಅವರ ಬಾಗಿಲಿಗೆ ಹೋಯಿತು. ತಂದವರು ಮಂದಿರದ ಖಜಾಂಚಿಯ ಹೆಂಡತಿ. ತಾಯಿ ಬಾಗಿಲಲ್ಲೇ ನಿಂತು ‘ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ, ಯಾರು ಹೇಳಿದ್ದು ನಿಮಗೆ?’ ಅಂದರು. ಮುಂದಿನ ಶನಿವಾರ ಭಜನೆಗೆ ಬರಲಿಲ್ಲ. ಮಗಳೂ ಹೆಲ್ತ್ ಪೋಸ್ಟಿಗೆ ಬರಲಿಲ್ಲ.

ಕಾರ್ಯಕರ್ತೆ ಮಳೆಯಲ್ಲೇ ಅವರ ಮನೆಗೆ ಹೋಗಿ ಕೂತು ಮಾತಾಡಿದರು. ಗುಳಿಗೆ ಶುರುವಾಗಿ ಕೆಲವು ವಾರ ಆದ ಮೇಲೆ ಸಾಮಾನ್ಯವಾಗಿ ಬೇರೆಯವರಿಗೆ ಹರಡುವುದಿಲ್ಲ, ಪೂರ್ತಿ ವಾಸಿಯಾಗುತ್ತದೆ, ಮದುವೆಗೂ ಮಕ್ಕಳಿಗೂ ಅಡ್ಡಿ ಇಲ್ಲ ಅಂತ. ತಾಯಿಗೆ ಅದೆಲ್ಲ ಗೊತ್ತಿತ್ತು. ಅವರ ಚಿಂತೆ ರೋಗದ್ದಲ್ಲ. ಕೊನೆಗೆ ಅವರು ಕೇಳಿದ ಒಂದು ಪ್ರಶ್ನೆಯನ್ನು ಕಾರ್ಯಕರ್ತೆ ಮುಂದಿನ ಸಭೆಗೆ ತಂದರು, ಹೆಸರು ಹೇಳದೆ: ‘ಚರ್ಚಿನವರ ಹತ್ತಿರ ಸಿಗುತ್ತದಾ? ಅಲ್ಲಿ ನಮ್ಮವರು ಯಾರೂ ಇಲ್ಲ.’

ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಮಾತಾಡಿದವರು ಮೌಲಾನಾ. ತಮ್ಮಲ್ಲೂ ಇದೇ ಅಂದರು. ಮಸೀದಿಯ ಕಿಟ್ ಬೇಡ ಅಂದ ಒಬ್ಬ ದರ್ಜಿ, ವಿಹಾರದ ಮೇಲಿನ ಓದುವ ಕೋಣೆಯ ಹುಡುಗರನ್ನು ಗುಟ್ಟಾಗಿ ಕೇಳಿದ್ದನಂತೆ. ಪಾಸ್ಟರೂ ತಲೆಯಾಡಿಸಿದರು. ಅವರ ಸಭೆ ಚಿಕ್ಕದು. ಒಬ್ಬರಿಗಾಗಿ ಪ್ರಾರ್ಥನೆ ಮಾಡಿದರೆ ಸಂಜೆಯೊಳಗೆ ಬೀದರಿಗೆ ಫೋನು ಹೋಗುತ್ತದೆ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ನಾಲ್ಕೂ ಕಡೆಯವರು ಪರಕೀಯ ಅನ್ನುವುದನ್ನು ಒಂದು ಕೊರತೆ ಅಂತ ನೋಡುತ್ತಿದ್ದರು. ಅದನ್ನು ಭಾಷಣ ಮಾಡಿ ತುಂಬಬೇಕು, ಇಲ್ಲವಾದರೆ ಗೌರವದಿಂದ ದೂರ ಇಡಬೇಕು. ರೋಗಿಗಳು ನೋಡಿದ್ದು ಉಲ್ಟಾ. ಮದುವೆ, ಬಾಡಿಗೆ ಮನೆ, ಕೆಲಸ, ಸಾಲ ಎಲ್ಲ ನಡೆಯುವುದು ತಮ್ಮವರ ಮೂಲಕ. ಆದ್ದರಿಂದ ಸುದ್ದಿ ತಮ್ಮವರಿಗೆ ಗೊತ್ತಾಗುವುದೇ ಅಪಾಯ. ಪಕ್ಕದ ಧರ್ಮದವರಿಗೆ ಗೊತ್ತಾದರೆ ಏನು ಹೋಯಿತು? ಅವರ ಮನೆಯಿಂದ ಹೆಣ್ಣು ತರುವುದಿಲ್ಲ, ಅವರಿಗೆ ಹೆಣ್ಣು ಕೊಡುವುದೂ ಇಲ್ಲ. ಮುಂಬೈನ ಬಸ್ತಿಗಳಲ್ಲಿ ನಮ್ಮನ್ನು ಬೇರೆ ಬೇರೆ ಇಟ್ಟಿರುವ ಆ ಗೋಡೆಯೇ ಇಲ್ಲಿ ಗುಟ್ಟು ಕಾಯುವ ಗೋಡೆ ಆಯಿತು. ಇದರಲ್ಲಿ ಖುಷಿ ಪಡುವಂಥದ್ದು ಏನೂ ಇಲ್ಲ. ಉಪಯೋಗಕ್ಕೆ ಮಾತ್ರ ಬಂತು.

ಮೂರನೇ ಏರ್ಪಾಡು

2023ರ ಆಗಸ್ಟಿನಿಂದ ಹೀಗೆ. ಹೆಸರುಗಳು ಕಾರ್ಯಕರ್ತೆಯ ಹತ್ತಿರ ಮಾತ್ರ. ನಮಗೆ ಸಿಗುವುದು ಸಂಖ್ಯೆ. ರೋಗಿಯ ಒಪ್ಪಿಗೆ ಪಡೆದ ಮೇಲೆ ಅವರು ಒಂದೇ ಪ್ರಶ್ನೆ ಕೇಳುತ್ತಾರೆ: ಎಲ್ಲಿಂದ ತಗೊಳ್ತೀರಿ? ವಿಹಾರದ ಓದುವ ಕೋಣೆ, ಬ್ಯಾರಿ ವ್ಯಾಪಾರಿಯ ಅಂಗಡಿ, ಪಾಸ್ಟರ ಮನೆ, ಮಂದಿರದ ಹಿಂಬಾಗಿಲು. ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ. ಚೀಲದ ಮೇಲೆ ಹೆಸರಿಲ್ಲ, ಚಿಹ್ನೆ ಇಲ್ಲ, ಒಳಗೆ ಚೀಟಿ ಇಲ್ಲ. ಕಿರಾಣಿ ಅಂಗಡಿಯ ಮಾಮೂಲಿ ಬಿಳಿ ಚೀಲ. ಹಿಡಿದುಕೊಂಡು ಹೋದರೆ ತಿಂಗಳ ಸಾಮಾನು ತಂದ ಹಾಗೆ ಕಾಣಬೇಕು.

ಬಹಳ ಜನ ತಮ್ಮದಲ್ಲದ ಜಾಗವನ್ನೇ ಆರಿಸಿಕೊಂಡರು. ಎಲ್ಲರೂ ಅಲ್ಲ. ವಯಸ್ಸಾದ ಕೆಲವು ಮುಸ್ಲಿಂ ಹೆಂಗಸರಿಗೆ ಬೇರೆಯವರ ಬಾಗಿಲಿಗೆ ಹೋಗುವುದು ಸರಿ ಅನ್ನಿಸಲಿಲ್ಲ. ಅವರಿಗೆ ವ್ಯಾಪಾರಿಯ ಅಂಗಡಿಯೇ ಅನುಕೂಲವಾಯಿತು, ಹೇಗೂ ದಿನಾ ಹೋಗುವ ಅಂಗಡಿ.

ಹಣದ ವಿಷಯದಲ್ಲಿ ಜಾಸ್ತಿ ಹೊತ್ತು ಹೋಯಿತು. ಎಲ್ಲರೂ ಒಂದು ಖಾತೆ ತೆರೆಯೋಣ ಅಂತ ಮೇಷ್ಟ್ರು ಹೇಳಿದ್ದರು. ನಮ್ಮ ಖಜಾಂಚಿ ಬ್ಯಾಂಕಿನಿಂದ ನಿವೃತ್ತರು, ಒಪ್ಪಲಿಲ್ಲ. ಮಂದಿರ ಟ್ರಸ್ಟಿನ ಲೆಕ್ಕ ಚಾರಿಟಿ ಕಮಿಷನರ ಕಚೇರಿಗೆ ಹೋಗುತ್ತದೆ, ಹುಂಡಿಯ ಹಣ ಯಾವುದಕ್ಕೆ ಅಂತ ಟ್ರಸ್ಟ್ ಪತ್ರದಲ್ಲಿ ಬರೆದಿದೆ. ಮೌಲಾನಾ ಕೂಡ ಝಕಾತಿನ ಹಣ ಇದಕ್ಕೆ ಹಾಕುವ ಹಾಗಿಲ್ಲ ಅಂದರು. ಝಕಾತ್ ಕಡ್ಡಾಯ ದಾನ, ಅದು ಯಾರಿಗೆ ಸಲ್ಲಬೇಕು ಎನ್ನುವುದಕ್ಕೆ ನಿಯಮ ಇದೆ, ಸದಕಾ ಅಂದರೆ ಮನಸ್ಸಿದ್ದಷ್ಟು ಕೊಡುವ ದಾನ, ಅದನ್ನು ಯಾವ ಧರ್ಮದವರಿಗೂ ಕೊಡಬಹುದು. ಹೀಗಾಗಿ ಹಣ ಒಟ್ಟು ಮಾಡುವುದು ಬೇಡ, ಸಾಮಾನು ಒಟ್ಟು ಮಾಡೋಣ ಅಂತ ತೀರ್ಮಾನ. ಅಕ್ಕಿ ಮಂದಿರದ್ದು. ಬೇಳೆ, ಎಣ್ಣೆ ಮಸೀದಿಯ ಸದಕಾದಿಂದ. ಶೇಂಗಾ, ಹುರಿಗಡಲೆ ಚರ್ಚಿನವರದ್ದು. ಜಾಗ, ತೂಕ, ಕಟ್ಟುವ ಕೆಲಸ ವಿಹಾರದ ಹುಡುಗರದ್ದು. ಸರ್ಕಾರ ಸೂಚಿಸಿದ ಅಳತೆ ಇಟ್ಟುಕೊಂಡೆವು: ತಿಂಗಳಿಗೆ 3 ಕಿಲೋ ಧಾನ್ಯ, ಒಂದೂವರೆ ಕಿಲೋ ಬೇಳೆ, ಕಾಲು ಕಿಲೋ ಎಣ್ಣೆ, ಒಂದು ಕಿಲೋ ಶೇಂಗಾ ಅಥವಾ ಹಾಲಿನ ಪುಡಿ. ಅಕ್ಕಿ ಸಾಲದು ಅಂತ ಮಂದಿರದವರು ಸ್ವಲ್ಪ ಜಾಸ್ತಿ ಹಾಕಿದರು. ದಕ್ಷಿಣದವರಿಗೆ 3 ಕಿಲೋದಲ್ಲಿ ತಿಂಗಳು ಸಾಗುತ್ತದಾ?

ಮೊಟ್ಟೆಯ ಜಗಳ ಒಂದು ಇಡೀ ಸಂಜೆ ತಿಂದಿತು. ರೋಗಿಗೆ ದಿನಾ ಒಂದು ಮೊಟ್ಟೆ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದರು. ಮಂದಿರಕ್ಕೆ ಬೇಳೆ ವ್ಯಾಪಾರಿಯೊಬ್ಬರು ಕೊಡುತ್ತಿದ್ದ ದೊಡ್ಡ ದೇಣಿಗೆ ಇತ್ತು. ಅವರು ಜೈನರು. ತಮ್ಮ ಹಣ ಮೊಟ್ಟೆಗೆ ಹೋಗಬಾರದು ಅಂದರು, ನ್ಯಾಯವೇ. ಮೇಷ್ಟ್ರು ರೇಗಿದರು: ‘ಬಡವರ ಊಟವನ್ನು ಕೊಡುವವರ ನಾಲಿಗೆಯಿಂದ ಅಳೀತೀರಾ?’ ಅದೂ ನ್ಯಾಯವೇ. ಬೇಳೆ ವ್ಯಾಪಾರಿಯ ಹಣ ಅಕ್ಕಿಗೆ ಮಾತ್ರ ಅಂತ ಬರೆದಿಟ್ಟೆವು. ವಿಹಾರದ ಹುಡುಗರು ತಮ್ಮ ತಮ್ಮಲ್ಲೇ ಚಂದಾ ಎತ್ತಿ ಕೂಪನ್ ಮಾಡಿದರು. ಕೂಪನ್ ತೋರಿಸಿದರೆ ಅಂಗಡಿಯಲ್ಲಿ ಮೊಟ್ಟೆ, ಬೇಡ ಅಂದವರಿಗೆ ಇನ್ನಷ್ಟು ಶೇಂಗಾ. ಆಮೇಲೆ ನೋಡಿದರೆ ಮಂದಿರದ ಎಷ್ಟೋ ಜನರು ಮೊಟ್ಟೆಯನ್ನೇ ತೆಗೆದುಕೊಂಡಿದ್ದರು. ಖಜಾಂಚಿ ಅದನ್ನು ನೋಡಿ ನಕ್ಕರು, ಯಾರಿಗೂ ಹೇಳಲಿಲ್ಲ.

ಪ್ರಾರ್ಥನೆಯ ಜಾಗಗಳಿಂದ ಆದ ಇನ್ನೊಂದು ಉಪಕಾರ ಘೋಷಣೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ, ಪುಕ್ಕಟೆ. ಗುಳಿಗೆ ತೆಗೆದುಕೊಂಡರೆ ಮೂತ್ರ ಕಿತ್ತಳೆ ಕೆಂಪಾಗುತ್ತದೆ, ಅದು ರಕ್ತ ಅಲ್ಲ, ಹೆದರಬೇಡಿ. ಇದೇ ಮಾತು ಶುಕ್ರವಾರ, ಶನಿವಾರ, ಭಾನುವಾರ ಮೂರೂ ಕಡೆ. ಮೂತ್ರದ ವಿಷಯ ಮಂದಿರದಲ್ಲಿ ಮೈಕಿನಲ್ಲಿ ಹೇಳುವುದಾ ಅಂತ ಕೆಲವರಿಗೆ ಮುಜುಗರ. ಆದರೆ ಹೋಟೆಲಿನ ಒಬ್ಬ ಹುಡುಗ ರಿಫಾಂಪಿಸಿನ್ ಗುಳಿಗೆ ನುಂಗಿ, ಬಕೆಟಿನಲ್ಲಿ ಕೆಂಪು ಕಂಡು, ಕಿಡ್ನಿ ಹೋಯಿತು ಅಂತ ಔಷಧಿಯನ್ನೇ ಚರಂಡಿಗೆ ಸುರಿದಿದ್ದ. ಅದನ್ನು ಕೇಳಿದ ಮೇಲೆ ಮುಜುಗರ ಬಿಟ್ಟರು.

ಅಕ್ಕಿಯ ಗಲಾಟೆ

ಆ ಸೆಪ್ಟೆಂಬರ್ 28ಕ್ಕೆ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಬಂದವು. ಮುಂಬೈನ ಮುಸ್ಲಿಂ ಸಂಘಟನೆಗಳು ಮೆರವಣಿಗೆಯನ್ನು ಮರುದಿನಕ್ಕೆ ಹಾಕಿದವು, ಸರ್ಕಾರ 29ಕ್ಕೆ ರಜೆ ಕೊಟ್ಟಿತು. ನಮ್ಮ ಕಡೆ ಅದಕ್ಕೆ ಸಭೆಯೇ ಬೇಕಾಗಲಿಲ್ಲ. ತಿಂಗಳ ಕಿಟ್ ಯಾವ ದಿನ ಕಟ್ಟುವುದು ಅಂತ ಫೋನ್ ಮಾಡಿದಾಗ ಮೆರವಣಿಗೆಯ ದಾರಿಯೂ ಅದೇ ಫೋನಿನಲ್ಲಿ ತೀರ್ಮಾನವಾಯಿತು.

ಪೆಟ್ಟು ಬಿದ್ದದ್ದು ಕ್ರಿಸ್ಮಸ್ಸಿನ ಮುಂಚೆ. ಪಾಸ್ಟರ ಮನೆಯ ಬಾಗಿಲಿನಿಂದ ಹಸಿರು ಸೀರೆಯ ಒಬ್ಬಾಕೆ ಚೀಲ ಹಿಡಿದು ಹೋಗುವ ವಿಡಿಯೋ ವಾಟ್ಸ್ಯಾಪಿನಲ್ಲಿ ಓಡಾಡಿತು. ಅಕ್ಕಿ ಕೊಟ್ಟು ಮತ ಬದಲಾಯಿಸುತ್ತಿದ್ದಾರೆ ಅಂತ ಬರಹ. ಆ ಅಕ್ಕಿ ಮಂದಿರದ್ದು! ಬಿಲ್ಲಿನ ಮೇಲೆ ಮಂದಿರದ ಸೀಲು ಇದೆ.

ಏನು ಮಾಡುವುದು? ನಾಲ್ವರೂ ಸೇರಿ ಪತ್ರಿಕಾ ಹೇಳಿಕೆ ಕೊಡೋಣ ಅಂತ ಮೇಷ್ಟ್ರು. ಪೊಲೀಸರಿಗೆ ಹೋಗೋಣ ಅಂತ ವ್ಯಾಪಾರಿ. ಪಾಸ್ಟರು ಸುಮ್ಮನೆ ಕೂತಿದ್ದರು, ಅವರ ಮನೆ ಮಾಲೀಕ ಆಗಲೇ ಫೋನ್ ಮಾಡಿದ್ದ. ನಮ್ಮ ಖಜಾಂಚಿ ಎರಡಕ್ಕೂ ಒಪ್ಪಲಿಲ್ಲ. ಚೀಲ ಯಾಕೆ ಕೊಟ್ಟಿರಿ ಅಂತ ಕೇಳಿದರೆ ಟಿಬಿ ಅನ್ನಬೇಕಾಗುತ್ತದೆ. ಆಗ ಹಸಿರು ಸೀರೆ ಯಾರದ್ದು ಅಂತ ಬಸ್ತಿಯೆಲ್ಲ ಹುಡುಕುತ್ತದೆ. ನಮ್ಮ ಮಾನ ಉಳಿಸಿಕೊಳ್ಳಲು ಆಕೆಯ ಮಾನ ಕಳೆಯುವುದು ಬೇಡ ಅಂದರು.

ಅವರು ಬಿಲ್ಲು ಜೇಬಿನಲ್ಲಿಟ್ಟುಕೊಂಡು ವಿಡಿಯೋ ಹಾಕಿದ ಹುಡುಗನ ಮನೆಗೆ ಹೋದರು, ಒಬ್ಬರೇ. ಹುಡುಗನ ಅಪ್ಪ ಹೋಟೆಲಿನವರು, ಪರಿಚಯದವರು. ಚಹಾ ಕುಡಿದು ಬಿಲ್ಲು ತೋರಿಸಿ ಬಂದರು. ಕಾಯಿಲೆಯವರಿಗೆ ರೇಷನ್, ನಾಲ್ಕೂ ಕಡೆಯಿಂದ, ಇಷ್ಟೇ ಹೇಳಿದ್ದು. ವಿಡಿಯೋ ಅಳಿಸಿದ. ಕ್ಷಮೆ ಕೇಳಲಿಲ್ಲ. ಅಷ್ಟು ಹೊತ್ತಿಗೆ ಅದು ಎಲ್ಲೆಲ್ಲೋ ಹೋಗಿತ್ತು. ಆ ವಾರ ನಾಲ್ಕೂ ಕಡೆ ಹಿರಿಯರು ತಮ್ಮ ತಮ್ಮ ಜನಕ್ಕೆ ಅದೇ ಒಂದು ಮಾತು ಹೇಳಿದರು, ರೋಗದ ಹೆಸರು ಎತ್ತದೆ.

ನಷ್ಟ ಆಗಲಿಲ್ಲ ಅಂತಲ್ಲ. ಹಸಿರು ಸೀರೆಯಾಕೆ ಮತ್ತೆ ಚೀಲಕ್ಕೆ ಬರಲಿಲ್ಲ. ಕಾರ್ಯಕರ್ತೆಯೇ ಗುಳಿಗೆ ಕೊಡಲು ಹೋದಾಗ ಸ್ವಲ್ಪ ಸ್ವಲ್ಪ ಮುಟ್ಟಿಸಿದರು. ಪಾಸ್ಟರ ಮನೆಯಿಂದ ಹಂಚುವುದು ನಿಂತಿತು. ಮಂದಿರದ ಇಬ್ಬರು ದಾನಿಗಳು ಕೈಬಿಟ್ಟರು. ಅವರಿಗೆ ಬಿಲ್ಲು ತೋರಿಸಿದರೂ ಉಪಯೋಗ ಆಗಲಿಲ್ಲ. ಅವರ ತಕರಾರು ಅಕ್ಕಿಯದ್ದಲ್ಲ, ಆ ಬಾಗಿಲಿನದ್ದು.

ಏನಾಯಿತು

2024ರ ಮಾರ್ಚಿನಲ್ಲಿ ಟಿಬಿ ಗುಳಿಗೆಗಳಿಗೇ ಹಲವು ರಾಜ್ಯಗಳಲ್ಲಿ ಅಭಾವ ಬಂತು. ತಿಂಗಳಿಗೆ ಕೊಡುತ್ತಿದ್ದದ್ದನ್ನು ಕೆಲವು ದಿನಕ್ಕೆ ಕೊಡತೊಡಗಿದರು. ಅದೇ ಹೊತ್ತಿಗೆ ರಂಜಾನ್. ಕಾಯಿಲೆ ಇರುವವರು ಉಪವಾಸ ಬಿಟ್ಟು ಆಮೇಲೆ ತೀರಿಸಬಹುದು, ಕುರಾನಿನಲ್ಲೇ ಇದೆ ಅಂತ ಮೌಲಾನಾ ಜುಮ್ಮಾ ನಮಾಜಿನಲ್ಲಿ ಹೇಳಿದರು. ಗುಳಿಗೆ ಇಲ್ಲದ್ದಕ್ಕೆ ಮಾತ್ರ ಯಾವ ದೇವರ ಮನೆಯಲ್ಲೂ ಉಪಾಯ ಇರಲಿಲ್ಲ. ಬೇರೆ ಕೇಂದ್ರಗಳಿಗೆ ಫೋನ್ ಮಾಡುವುದು, ಹೋಗಿ ತರುವುದು, ಅಷ್ಟೇ.

ಚೀಲ ತೆಗೆದುಕೊಂಡವರಲ್ಲಿ ಬಹಳ ಜನ ಆರು ತಿಂಗಳು ಮುಗಿಸಿದರು. ಭಜನೆಯ ತಾಯಿಯ ಮಗಳೂ ಮುಗಿಸಿದಳು. ಆ ಸಂಬಂಧ ಕೂಡಿಬರಲಿಲ್ಲ, ಬೇರೆ ಕಾರಣಕ್ಕೆ. ತಾಯಿ ಈಗ ಮತ್ತೆ ಶನಿವಾರ ಬರುತ್ತಾರೆ. ಔಷಧಿ ಚರಂಡಿಗೆ ಸುರಿದಿದ್ದ ಹೋಟೆಲ್ ಹುಡುಗ ಮತ್ತೆ ಶುರು ಮಾಡಿ, ಅರ್ಧಕ್ಕೆ ಊರಿಗೆ ಹೋದ. ಸರ್ಕಾರದ ಟಿಬಿ ದಾಖಲೆಯ ನಿಕ್ಷಯ್ ಸಂಖ್ಯೆ ಇದ್ದದ್ದರಿಂದ ಅವನ ಊರಿನ ಆರೋಗ್ಯ ಕೇಂದ್ರದಲ್ಲಿ ಮುಂದುವರಿಯಿತು. ಕುಡಿತ ಬಿಡದ ಒಬ್ಬ ಗಾರೆ ಕೆಲಸದವರು ತೀರಿಕೊಂಡರು. ಒಬ್ಬರಿಗೆ ಔಷಧಿಗೆ ಬಗ್ಗದ ಟಿಬಿ ಅಂತ ಗೊತ್ತಾಗಿ ಶಿವಡಿಗೆ ಹೋಗಬೇಕಾಯಿತು.

ಬೇರೆ ಕಡೆ ಮಾಡುವವರಿಗೆ

ಇದನ್ನು ಹಾಗೇ ನಕಲು ಮಾಡಲು ಬರುವುದಿಲ್ಲ. ನಮ್ಮ ಅದೃಷ್ಟಕ್ಕೆ ಹೆಸರುಗಳನ್ನು ಎದೆಯಲ್ಲಿ ಇಟ್ಟುಕೊಳ್ಳುವ ಒಬ್ಬ ಕಾರ್ಯಕರ್ತೆ ಸಿಕ್ಕಿದ್ದರು. ಅಂಥವರು ಇಲ್ಲದ ಕಡೆ ನಾಲ್ಕಲ್ಲ, ಹತ್ತು ಧರ್ಮದವರು ಸೇರಿದರೂ ಹೆಸರು ಹೊರಬೀಳುತ್ತದೆ. ಆದ್ದರಿಂದ ಮೊದಲು ಹೆಲ್ತ್ ಪೋಸ್ಟಿಗೆ ಹೋಗಿ. ಧರ್ಮಗುರುಗಳ ಸಭೆ ಆಮೇಲೆ.

ಯಾವ ಕೆಲಸ ಆರಿಸುತ್ತೀರಿ ಎನ್ನುವುದೂ ಮುಖ್ಯ. ಶಾಲೆಯ ಪುಸ್ತಕ ಹಂಚುವುದಾದರೆ ಅವರವರ ಜನಕ್ಕೆ ಅವರವರೇ ಕೊಟ್ಟರೆ ಏನೂ ತೊಂದರೆ ಇಲ್ಲ, ನಾಲ್ವರು ಸೇರುವ ಅಗತ್ಯವೇ ಇಲ್ಲ. ಕುಡಿತ, ಸಾಲ, ಮಾನಸಿಕ ಕಾಯಿಲೆ, ಮನೆಯೊಳಗಿನ ಹೊಡೆತ, ಇಂಥ ನಾಚಿಕೆ ಅಂಟಿದ ಕಷ್ಟಗಳಲ್ಲಿ ಪಕ್ಕದ ಧರ್ಮದ ಬಾಗಿಲು ಕೆಲಸಕ್ಕೆ ಬರುತ್ತದೆ ಅಂತ ನನ್ನ ಅಂದಾಜು. ಮೌಲಾನಾ ಇದಕ್ಕೆ ಅರ್ಧ ಮಾತ್ರ ಒಪ್ಪುತ್ತಾರೆ. ತಮ್ಮವರಿಗೆ ಹೇಳಿಕೊಳ್ಳಲು ಆಗದ ಜಮಾತ್ ಎಂಥ ಜಮಾತ್, ಅದನ್ನು ಮೊದಲು ಸರಿ ಮಾಡಬೇಕು ಅನ್ನುತ್ತಾರೆ. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಸರಿ ಆಗುವವರೆಗೆ ಗುಳಿಗೆ ಕಾಯುವುದಿಲ್ಲವಲ್ಲ.

ಗುಟ್ಟಿಗೆ ಬೆಲೆ ಇದೆ. ದಾನಿಗಳಿಗೆ ತೋರಿಸಲು ಫೋಟೋ ಇಲ್ಲ, ವಾರ್ಷಿಕ ವರದಿಯಲ್ಲಿ ‘ಆರೋಗ್ಯ ನೆರವು’ ಅಂತ ಒಂದು ಸಾಲು, ಅದರ ಮುಂದೆ ಮೊತ್ತ. ಮಹಾಸಭೆಯಲ್ಲಿ ಪ್ರತಿ ವರ್ಷ ಯಾರಾದರೂ ಎದ್ದು ಇದೇನು ಅಂತ ಕೇಳುತ್ತಾರೆ. ಖಜಾಂಚಿ ಬಿಲ್ಲುಗಳ ಫೈಲು ತೋರಿಸುತ್ತಾರೆ. ಮುಂದಿನ ಖಜಾಂಚಿಗೂ ಅಷ್ಟು ತಾಳ್ಮೆ ಇರಬೇಕು.

ಈಗ ಚರ್ಚೆ ನಡೆಯುತ್ತಿರುವುದು ಮನೆಯವರ ಬಗ್ಗೆ. ಜಾರ್ಖಂಡಿನಲ್ಲಿ ನಡೆದ ರೇಷನ್ಸ್ ಅಧ್ಯಯನ 2023ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ರೋಗಿಯ ಜೊತೆ ಇರುವವರಿಗೂ ಆಹಾರ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ. 40ರಷ್ಟು ಕಡಿಮೆಯಾಗಿತ್ತು. 2024ರ ನವೆಂಬರಿನಿಂದ ಸರ್ಕಾರ ರೋಗಿಗೆ ಕೊಡುವ ಹಣವನ್ನು 1000 ರೂಪಾಯಿ ಮಾಡಿದೆ, ನಿಕ್ಷಯ್ ಮಿತ್ರರು ಮನೆಯವರಿಗೂ ಕೊಡಬಹುದು ಅಂತ ಹೇಳಿದೆ. ಹಾಗೆ ಮಾಡಿದರೆ ಚೀಲ ದೊಡ್ಡದಾಗುತ್ತದೆ, ತಿಂಗಳ ಸಾಮಾನಿನ ಹಾಗೆ ಕಾಣುವುದಿಲ್ಲ, ಎರಡು ಸಲ ಬರಬೇಕಾಗುತ್ತದೆ. ವಿಹಾರದ ಹುಡುಗರು ತಯಾರಿದ್ದಾರೆ. ಮಸೀದಿಯವರು ರಂಜಾನ್ ಮುಗಿದ ಮೇಲೆ ಲೆಕ್ಕ ನೋಡಿ ಹೇಳುತ್ತೇವೆ ಅಂದಿದ್ದಾರೆ. ಮಂದಿರದ ಮಾಡು ಸೋರುತ್ತಿದೆ, ಮಳೆಗಾಲಕ್ಕೆ ಮುಂಚೆ ರಿಪೇರಿ ಆಗಬೇಕು, ಅಕ್ಕಿಗೆ ಜಾಸ್ತಿ ಹಣ ಎಲ್ಲಿಂದ ಅಂತ ನಮ್ಮ ಕಮಿಟಿ ಕೇಳುತ್ತಿದೆ. ಮುಂದಿನ ಸಭೆ ವಿಹಾರದಲ್ಲಿ.